ಕುದುರೆ ಕೊಳ್ಳಲೇ, ಲೀಸ್‌ಗೆ ತೆಗೆದುಕೊಳ್ಳಲೇ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 42 ವರ್ಷ. 9ನೇ ವಯಸ್ಸಿನಿಂದ 19ರ ತನಕ ಕುದುರೆ ಸವಾರಿ ಮಾಡುತ್ತಿದ್ದೆ. 1 ಮೀಟರ್ ಎತ್ತರದ ಬೇಲಿ ಹಾರಿಸುವ ಸ್ಪರ್ಧೆಗಳಲ್ಲೂ ಇದ್ದೆ. ಆಮೇಲೆ ಓದು, ಕೆಲಸ, ಮದುವೆ, ಇಬ್ಬರು ಮಕ್ಕಳು ಅಂತ ಎಲ್ಲ ನಿಂತುಹೋಯಿತು. ಈಗ ಕೆಲವು ತಿಂಗಳಿಂದ ವಾರಕ್ಕೊಮ್ಮೆ ಕ್ಲಾಸಿಗೆ ಹೋಗುತ್ತಿದ್ದೇನೆ. ಲಾಯಕ್ಕೆ ಕಾಲಿಟ್ಟರೆ ವಾಪಸ್ ಮನೆಗೆ ಹೋಗುವ ಮನಸ್ಸೇ ಆಗುವುದಿಲ್ಲ. ಅಲ್ಲೇ 7 ವರ್ಷದ ಒಂದು ಗೆಲ್ಡಿಂಗ್, ಅಂದರೆ ಬೀಜ ತೆಗೆದ ಗಂಡು ಕುದುರೆ, ಮಾರಾಟಕ್ಕಿದೆ. ಎತ್ತರ, ಚುರುಕು, ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಇನ್ನೊಂದು, 14 ವರ್ಷದ ಹೆಣ್ಣು ಕುದುರೆ. ಅದರ ಒಡತಿ ಓದಲಿಕ್ಕೆ ದೂರ ಹೋಗುತ್ತಿದ್ದಾಳೆ, ಒಂದು ವರ್ಷದ ಲೀಸ್‌ಗೆ ಕೊಡುತ್ತೇನೆ ಅನ್ನುತ್ತಾಳೆ. "ಲೀಸ್ ಅಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಷ್ಟು ಇಷ್ಟ ಇದ್ದರೆ ಕೊಂಡೇ ಬಿಡು" ಅಂತಾರೆ ನಮ್ಮ ಮನೆಯವರು. ಏನು ಮಾಡಲಿ?

ಉತ್ತರ: ಆ 14 ವರ್ಷದ ಹೆಣ್ಣು ಕುದುರೆಯನ್ನು ಲೀಸ್‌ಗೆ ತೆಗೆದುಕೊಳ್ಳಿ. ಉತ್ತರ ಮೊದಲೇ ಹೇಳಿಬಿಟ್ಟೆ, ಕಾರಣ ಈಗ ಹೇಳುತ್ತೇನೆ. ನಾನು ಬೇರೆಯವರ ಕುದುರೆಯನ್ನು ಲೀಸ್‌ಗೆ ತೆಗೆದುಕೊಂಡಿದ್ದೇನೆ, ನನ್ನ ಕುದುರೆಯನ್ನು ಲೀಸ್‌ಗೆ ಕೊಟ್ಟಿದ್ದೇನೆ, ಕೊಂಡು ಮುಪ್ಪಿನವರೆಗೆ ಸಾಕಿಯೂ ಇದ್ದೇನೆ. ಮೂರೂ ಗೊತ್ತಿದ್ದೇ ಹೇಳುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ 1 ಮೀಟರ್. ವರ್ಷಗಟ್ಟಲೆ ಬಿಟ್ಟು ಮತ್ತೆ ಬರುವ ಸವಾರರೆಲ್ಲ ತಮ್ಮ ಪರಿಚಯ ಹೇಳಿಕೊಳ್ಳುವುದು ಹೀಗೇ. ಆಗ ಹಾರಿಸಿದ ಎತ್ತರ, ಆಗ ಇದ್ದ ಕುದುರೆ. ಅದರಲ್ಲಿ ಸುಳ್ಳಿಲ್ಲ. ಲಗಾಮು ಕೈಗೆ ಬಂದ ಕೂಡಲೇ ಬೆರಳುಗಳಿಗೆ ಎಲ್ಲ ನೆನಪಾಗುತ್ತದೆ. ಹಿಮ್ಮಡಿ ತಾನಾಗಿ ಕೆಳಗಿಳಿಯುತ್ತದೆ. ಟ್ರಾಟ್‌ನ, ಅಂದರೆ ಕುದುರೆಯ ಮೆಲ್ಲಗಿನ ಓಟದ, ತಾಳಕ್ಕೆ ಏಳುವುದು, ಕೂರುವುದು ಎರಡನೇ ಕ್ಲಾಸಿಗೇ ಬಂದುಬಿಡುತ್ತದೆ. ಹಿಂದುಳಿಯುವುದು ಮೈ. ಸೊಂಟ ಬಿಗಿದಿರುತ್ತದೆ, ಹೊಟ್ಟೆ ಬೆನ್ನುಗಳಿಗೆ ಆ ಹಿಡಿತ ಇರುವುದಿಲ್ಲ. ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿದರೆ 17ರ ಹುಡುಗಿ ತಿಳಿಯುವ ಮೊದಲೇ ಸರಿಯಾಗಿ ಕೂತಿರುತ್ತಿದ್ದಳು. ಈಗ ಅರ್ಧ ಸೆಕೆಂಡ್ ತಡ. ಆ ಅರ್ಧ ಸೆಕೆಂಡಿನಲ್ಲಿ ನಾವು ಲಗಾಮು ಹಿಡಿದು ಜೋತುಬೀಳುತ್ತೇವೆ. ಏಟು ಬೀಳುವುದು ಕುದುರೆಯ ಬಾಯಿಗೆ.

ಅನುಭವ ಇರುವ ಕುದುರೆ ಅದನ್ನು ಸಹಿಸಿಕೊಳ್ಳುತ್ತದೆ. 7 ವರ್ಷದ್ದು ಅದನ್ನೇ ಕಲಿಯುತ್ತದೆ. ಕುದುರೆಯ ಬೆನ್ನೆಲುಬು ಪೂರ್ತಿ ಬೆಳೆದು ಗಟ್ಟಿಯಾಗಲಿಕ್ಕೇ ಸುಮಾರು 6 ವರ್ಷ ಬೇಕು. ಅಂದರೆ ಈ ಗೆಲ್ಡಿಂಗ್ ಮೈಯಲ್ಲಿ ಈಗಷ್ಟೇ ದೊಡ್ಡವನಾಗಿದ್ದಾನೆ, ಪಾಠದಲ್ಲಿ ಇನ್ನೂ ಚಿಕ್ಕವನು. ಬೇಲಿ ಹತ್ತಿರ ಬಂದಾಗ ನಿಮ್ಮ ಕೈ ನಾಲ್ಕು ಸಲ ಅನುಮಾನಿಸಿದರೆ ಐದನೇ ಸಲ ಅವನೇ ನಿಲ್ಲುತ್ತಾನೆ. ಅದು ಹಟವಲ್ಲ. ಇಲ್ಲಿ ನಿಲ್ಲಬೇಕು ಅಂತ ನೀವೇ ಹೇಳಿದಿರಿ ಅಂದುಕೊಂಡಿರುತ್ತಾನೆ.

ನನ್ನ ಲಾಯದಲ್ಲಿ ಒಬ್ಬರಿದ್ದರು. ನಿಮ್ಮ ವಯಸ್ಸೇ, ನಿಮ್ಮಂತೆಯೇ ಮತ್ತೆ ಬಂದವರು. ಕಾಲೇಜಿನ ದಿನಗಳಲ್ಲಿ ರೇಸಿನ ತಳಿಯ ಚುರುಕು ಥರೋಬ್ರೆಡ್‌ಗಳನ್ನು ಓಡಿಸಿದವರು, ಅಂಥದ್ದೇ ಬೇಕು ಅಂತ ಕೊಂಡರು. ಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಕೆಲಸದ ಮೇಲೆ ಊರೂರು ತಿರುಗುವುದಾಯಿತು, ಕುದುರೆ ಲಾಯದಲ್ಲಿ ನಿಂತೇ ಇತ್ತು. ಬಂದು ಜೀನು ಏರಿದ ದಿನ ಬೆನ್ನು ಗೂನು ಮಾಡಿ ಕುಪ್ಪಳಿಸಿತು. ಅವರು ಬೀಳಲಿಲ್ಲ. ಆದರೆ ಆವತ್ತಿನಿಂದ ಬಂದು, ಮೈ ಉಜ್ಜಿ, ಬಾಚಿ, "ಇವತ್ತು ಸ್ವಲ್ಪ ಸುಸ್ತು" ಅಂತ ಮನೆಗೆ ಹೋಗುವುದೇ ಆಯಿತು. ಕೊನೆಗೆ ಕುದುರೆ ಮಾರಿದರು. ನನಗೆ ಅವರಿಗಿಂತ ಆ ಕುದುರೆಯ ಸಂಕಟ ಜಾಸ್ತಿ. ಒಳ್ಳೆಯ ಪ್ರಾಣಿ, ಯಾವ ತಪ್ಪೂ ಮಾಡಿರಲಿಲ್ಲ.

ಮಾರುವುದು ಅಂದರೆ ಕುದುರೆಗೆ ಏನು ಅನ್ನುವುದನ್ನು ನಾವು ಯೋಚಿಸುವುದೇ ಇಲ್ಲ. ಅದು ಗುಂಪಿನಲ್ಲಿ ಬದುಕುವ ಪ್ರಾಣಿ. ಪಕ್ಕದ ಕೋಣೆಯ ಜೊತೆಗಾರ, ಮೇಯುವ ಜಾಗ, ಹುಲ್ಲು, ನೀರಿನ ರುಚಿ, ಲಗಾಮು ಹಿಡಿಯುವ ಕೈ, ಎಲ್ಲ ಒಂದೇ ದಿನ ಬದಲಾಗುತ್ತವೆ. ಅದರ ದೊಡ್ಡ ಕರುಳಿನಲ್ಲಿ ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಮೇವು ಬದಲಾಯಿಸಬೇಕಾದರೆ ಒಂದೆರಡು ವಾರ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಬೇಕು, ಇಲ್ಲವಾದರೆ ಹೊಟ್ಟೆ ಕೆಡುತ್ತದೆ. ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ಗಾಬರಿಯಲ್ಲಿ ಮೇವು ಬಿಟ್ಟರೆ ಹುಣ್ಣಾಗಬಹುದು. ಲೀಸ್‌ನಲ್ಲಿ ಆ ಹೆಣ್ಣು ಕುದುರೆ ಅದೇ ಲಾಯದಲ್ಲಿ, ಅದೇ ಜೊತೆಗಾರರ ಪಕ್ಕ ಇರುತ್ತದೆ. ವರ್ಷ ಕಳೆದ ಮೇಲೆ ನಿಮಗೆ ಬೇಡ ಅನ್ನಿಸಿದರೂ ಅದರ ಮನೆ ಅದಕ್ಕಿರುತ್ತದೆ. ಲೀಸ್ ಕಡೆಗೆ ನನ್ನ ಮನಸ್ಸು ವಾಲುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ಈಗ ಯಜಮಾನರ ಲೆಕ್ಕಕ್ಕೆ ಬರೋಣ. ಕೊಳ್ಳುವಾಗ ಕೊಡುವ ದುಡ್ಡು ಒಂದೇ ಸಲದ್ದು. ಸಾಕುವ ದುಡ್ಡು ಪ್ರತಿ ತಿಂಗಳಿನದ್ದು, ಕೆಲವೇ ವರ್ಷಗಳಲ್ಲಿ ಅದೇ ದೊಡ್ಡದಾಗುತ್ತದೆ. 500 ಕೆಜಿಯ ಕುದುರೆ ದಿನಕ್ಕೆ ತನ್ನ ತೂಕದ ಶೇಕಡಾ 2ರಷ್ಟು, ಅಂದರೆ ಸುಮಾರು 10 ಕೆಜಿ ಒಣಹುಲ್ಲು ತಿನ್ನುತ್ತದೆ. 25ರಿಂದ 50 ಲೀಟರ್ ನೀರು ಕುಡಿಯುತ್ತದೆ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ಲಾಳ ಕಟ್ಟಿಸಬೇಕು. ವರ್ಷಕ್ಕೆ ಒಂದೆರಡು ಸಲ ಹಲ್ಲಿನ ಚೂಪು ಅಂಚು ಉಜ್ಜಿಸಬೇಕು. ಲಸಿಕೆ, ಜಂತುಹುಳದ ಔಷಧ, ಜೀನಿನ ರಿಪೇರಿ ಬೇರೆ. ಕುದುರೆ ಕುಂಟುತ್ತಾ ನಿಂತಿದ್ದರೂ ಇದರಲ್ಲಿ ಒಂದೂ ನಿಲ್ಲುವುದಿಲ್ಲ, ಮೇಲೆ ಡಾಕ್ಟರ ಖರ್ಚೂ ಸೇರುತ್ತದೆ.

ಇನ್ನೊಂದು ಲೆಕ್ಕ ಅವರನ್ನೇ ಕೂರಿಸಿಕೊಂಡು ಮಾಡಿ. ಕುದುರೆ 25ರಿಂದ 30 ವರ್ಷ ಬದುಕುತ್ತದೆ. ನಿಮಗೆ 60 ಆದಾಗ ಆ ಗೆಲ್ಡಿಂಗ್‌ಗೆ 25. ಅಷ್ಟರಲ್ಲಿ ಸವಾರಿಗೆ ಆಗದೆ ಎಷ್ಟೋ ವರ್ಷ ಆಗಿರಬಹುದು. ಆ ವರ್ಷಗಳಲ್ಲಿ ಅವನನ್ನು ಎಲ್ಲಿ ಇಡುತ್ತೀರಿ, ಹುಲ್ಲು ಯಾರು ಹಾಕುತ್ತಾರೆ? ಇದಕ್ಕೆ ಉತ್ತರ ಇಟ್ಟುಕೊಂಡೇ ಕುದುರೆ ಕೊಳ್ಳಬೇಕು.

ಹಾಗಂತ ಲೀಸ್‌ಗೂ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. 14 ಅಂದರೆ ಕುದುರೆಗೆ ನಡುವಯಸ್ಸು. ಕಾಲು ಗಟ್ಟಿ ಇದ್ದರೆ ನಿಮ್ಮಂಥ ಸವಾರರಿಗೆ ಇದಕ್ಕಿಂತ ಒಳ್ಳೆಯ ವಯಸ್ಸಿಲ್ಲ. ಕಾಲು ಗಟ್ಟಿ ಇದೆಯೇ ಅನ್ನುವುದೇ ಮೊದಲ ಪ್ರಶ್ನೆ. ಕೊನೆಯ ಸಲ ಕುಂಟಿದ್ದು ಯಾವಾಗ, ಯಾವ ಕಾಲು, ದಿನವೂ ಏನಾದರೂ ಔಷಧ ಕೊಡುತ್ತಿದ್ದಾರೆಯೇ, ಕೇಳಿ. ಬ್ಯೂಟ್ ಅಂತ ಕರೆಯುವ ಫಿನೈಲ್‌ಬ್ಯೂಟಜೋನ್ ಕೊಟ್ಟರೆ ನೋವು ಮುಚ್ಚಿಹೋಗುತ್ತದೆ, ಕುಂಟು ಕಾಣುವುದಿಲ್ಲ. ಲೀಸ್ ಆದರೂ ಪಶುವೈದ್ಯರಿಂದ ಒಮ್ಮೆ ನೋಡಿಸಿ. ಹೃದಯ, ಕಣ್ಣು ನೋಡಲಿ. ಗಟ್ಟಿ ನೆಲದ ಮೇಲೆ ನೇರವಾಗಿ, ಆಮೇಲೆ ಸುತ್ತಿನಲ್ಲಿ ಟ್ರಾಟ್ ಮಾಡಿಸಲಿ. ಒಂದೊಂದೇ ಕಾಲನ್ನು ಒಂದು ನಿಮಿಷದಷ್ಟು ಮಡಚಿ ಹಿಡಿದು ತಕ್ಷಣ ಓಡಿಸಿ ನೋಡುವ ಪರೀಕ್ಷೆಯನ್ನೂ ಮಾಡಲಿ. ಒಡತಿ ಒಳ್ಳೆಯವಳಾದರೆ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಗಾಯದ ಕಲೆಗಳು, ಗೊರಸು, ಮೈಕಟ್ಟಿನ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ.

ನೋಡಲು ಹೋಗುವಾಗ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋಗಿ. ಕುದುರೆಯ ಮೈ ಬೆವರಿದೆಯೇ? ಜೀನಿನ ಜಾಗ ಒದ್ದೆಯಿದೆಯೇ? ನೀವು ಬರುವ ಮೊದಲೇ ಸುತ್ತು ಓಡಿಸಿ ಸುಸ್ತು ಮಾಡಿದ ಕುದುರೆ ಮೆತ್ತಗೇ ಇರುತ್ತದೆ. ಹಾಗಿಲ್ಲದಿದ್ದರೆ ಬಯಲಿನಿಂದ ನೀವೇ ಹಿಡಿದು ತನ್ನಿ. ನಾಲ್ಕೂ ಕಾಲು ಎತ್ತಿ ಗೊರಸು ಸ್ವಚ್ಛ ಮಾಡಿ. ಜೀನು ನೀವೇ ಹಾಕಿ. ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬಂದರೆ ಅದನ್ನು ಬರೀ ಸಿಟ್ಟು ಅಂದುಕೊಳ್ಳಬೇಡಿ. ಹೊಟ್ಟೆಯ ಹುಣ್ಣು, ಬೆನ್ನಿನ ನೋವು, ಸರಿಹೊಂದದ ಜೀನು, ಯಾವುದಾದರೂ ಇರಬಹುದು. ಮೊದಲು ಒಡತಿಯೇ ಹತ್ತಿ ಓಡಿಸಲಿ. ಅವಳು ಹತ್ತಲು ಹಿಂಜರಿದರೆ ನೀವೂ ಹತ್ತಬೇಡಿ. ಆಮೇಲೆ ನಿಮ್ಮ ಸರದಿ, ವಾಕ್, ಟ್ರಾಟ್, ಅದಕ್ಕಿಂತ ಜೋರಿನ ಕ್ಯಾಂಟರ್, ಎಡಕ್ಕೂ ಬಲಕ್ಕೂ. ಅಂಗಳದೊಳಗೆ ಚೆನ್ನಾಗಿದ್ದ ಕುದುರೆ ಜೊತೆಗಾರರನ್ನು ಬಿಟ್ಟು ಒಂಟಿಯಾಗಿ ಹೊರಗೆ ಹೋಗುವಾಗ ಬೇರೆಯೇ ಪ್ರಾಣಿಯಾಗಿರಬಹುದು, ಅದನ್ನೂ ನೋಡಿ. ಬೇರೆ ಬೇರೆ ದಿನ ಹೋಗಿ. ಒಂದು ದಿನ ಜೋರು ಗಾಳಿ ಇರುವಾಗ ಹೋದರೆ ಇನ್ನೂ ಒಳ್ಳೆಯದು.

ಹೆಣ್ಣು ಕುದುರೆ ಆದ್ದರಿಂದ ಇನ್ನೊಂದು ಮಾತು. ಹಗಲು ಉದ್ದವಿರುವ ತಿಂಗಳುಗಳಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, 5ರಿಂದ 7 ದಿನ ಇರುತ್ತದೆ. ಕೆಲವಕ್ಕೆ ಏನೂ ಆಗುವುದಿಲ್ಲ, ಕೆಲವು ಆಗ ಮೈ ಮುಟ್ಟಿಸಿಕೊಳ್ಳುವುದಿಲ್ಲ. ಇವಳು ಹೇಗೆ ಅಂತ ಒಡತಿಗೆ ಗೊತ್ತಿರುತ್ತದೆ.

ಇನ್ನು ಕಾಗದ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ. "ನಮ್ಮವಳೇ ಅಲ್ವಾ, ಮಾತಿನಲ್ಲೇ ಆಯಿತು" ಅಂತ ಶುರುವಾದ ಎಷ್ಟೋ ಲೀಸ್‌ಗಳು ಜಗಳದಲ್ಲಿ ಮುಗಿದದ್ದನ್ನು ನೋಡಿದ್ದೇನೆ. ಇಬ್ಬರೂ ಒಳ್ಳೆಯವರೇ ಆಗಿದ್ದರು. ಬರೆದುಕೊಂಡಿರಲಿಲ್ಲ, ಅಷ್ಟೇ.

ಮೊದಲು ಬರೆಯಬೇಕಾದದ್ದು ಎಲ್ಲರೂ ತಪ್ಪಿಸಿಕೊಳ್ಳುವ ವಿಷಯ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಯಲ್ಲಿ ಏನೇ ಕೆಟ್ಟರೂ ಒಳಗೇ ಉಳಿಯುತ್ತದೆ. ಕೋಲಿಕ್ ಅಂದರೆ ಆ ಹೊಟ್ಟೆನೋವು. ಬಹಳಷ್ಟು ಸಲ ಔಷಧದಲ್ಲೇ ಕಡಿಮೆಯಾಗುತ್ತದೆ. ಕರುಳು ತಿರುಚಿಕೊಂಡರೆ ಆಪರೇಷನ್ ಬೇಕಾಗುತ್ತದೆ, ಅದೂ ಕೆಲವೇ ಗಂಟೆಗಳಲ್ಲಿ. ಮಧ್ಯರಾತ್ರಿ ಎರಡು ಗಂಟೆ, ಕುದುರೆ ನೆಲದ ಮೇಲೆ ಹೊರಳಾಡುತ್ತಿದೆ, ಒಡತಿ ಇರುವುದು ದೂರದಲ್ಲಿ, ಫೋನ್ ತೆಗೆಯುತ್ತಿಲ್ಲ. ಆಪರೇಷನ್‌ಗೆ ಒಪ್ಪಿಗೆ ಕೊಡುವವರು ಯಾರು? ಖರ್ಚು ಯಾರದ್ದು, ಎಷ್ಟರವರೆಗೆ? ಬದುಕಿಸಲು ಆಗದಿದ್ದರೆ ನೋವಿಲ್ಲದೆ ಕಳಿಸಿಕೊಡಲು ಯಾರು ಹೇಳಬಹುದು? ಒಡತಿ ಸಿಗದಿದ್ದರೆ ಅವಳ ಪರವಾಗಿ ಮಾತಾಡುವವರು ಯಾರು? ಬರೆಯಲು ಕೈ ಬರುವುದಿಲ್ಲ, ಗೊತ್ತು. ಆದರೂ ಬರೆಯಿರಿ. ಈ ನಾಲ್ಕು ಸಾಲು ಇಲ್ಲದೆ ನಾನು ನನ್ನ ಕುದುರೆಯನ್ನು ಯಾರ ಕೈಗೂ ಕೊಟ್ಟಿಲ್ಲ. ನೀವೂ ಆರೋಗ್ಯವಾಗಿರುವ ಕುದುರೆಯ ಅಂಕಿಗಳನ್ನು ಕಲಿತಿಟ್ಟುಕೊಳ್ಳಿ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44, ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳುವುದು ಇವನ್ನೇ.

ಎರಡನೆಯದು ಕುಂಟು. ನಾನು ಲೀಸ್‌ಗೆ ಕೊಟ್ಟಿದ್ದ ನನ್ನ ಹೆಣ್ಣು ಕುದುರೆಗೆ ಲೀಸ್‌ನ ನಡುವೆಯೇ ಮುಂಗಾಲಿನ ಟೆಂಡನ್‌ಗೆ, ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಗೆ, ಪೆಟ್ಟಾಯಿತು. ಬಯಲಿನಲ್ಲಿ ಓಡುವಾಗ ಆದದ್ದು, ಯಾರ ತಪ್ಪೂ ಅಲ್ಲ. ಟೆಂಡನ್ ಗಾಯ ವಾಸಿಯಾಗಿ ಕುದುರೆ ಪೂರ್ತಿ ಕೆಲಸಕ್ಕೆ ಬರಲು 9ರಿಂದ 12 ತಿಂಗಳು ಹಿಡಿಯುತ್ತದೆ. ನಾಲ್ಕು ವಾರಕ್ಕಿಂತ ಜಾಸ್ತಿ ಸವಾರಿ ಮಾಡಲಾಗದಿದ್ದರೆ ಲೀಸ್ ದುಡ್ಡು ನಿಲ್ಲುತ್ತದೆ, ಅಜಾಗರೂಕತೆಯಿಂದ ಆಗದ ಗಾಯದ ಚಿಕಿತ್ಸೆ ಮಾಲೀಕರದ್ದು ಅಂತ ನಮ್ಮ ಕಾಗದದಲ್ಲಿ ಇತ್ತು. ಹಾಗಾಗಿ ಒಂದು ಬಿರುಸಿನ ಮಾತೂ ಬರಲಿಲ್ಲ. ಅಷ್ಟೇ ಅಲ್ಲ, ಆ ಹೆಣ್ಣುಮಗಳು ತನ್ನ ದಿನಗಳಲ್ಲಿ ತಪ್ಪದೆ ಬರುತ್ತಿದ್ದಳು. ಹಗ್ಗ ಹಿಡಿದು ಕುದುರೆಯನ್ನು ಮೊದಲು ಹತ್ತು ನಿಮಿಷ, ಆಮೇಲೆ ಹದಿನೈದು, ಹಾಗೆ ಡಾಕ್ಟರು ಹೇಳಿದಷ್ಟು ನಡೆಸುತ್ತಿದ್ದಳು. ಕಾಲು ವಾಸಿಯಾದ ಮೇಲೆ ಬೇರೆ ಇಬ್ಬರು ಕೇಳಿದರೂ ನಾನು ಲೀಸ್ ಕೊಟ್ಟದ್ದು ಅವಳಿಗೇ.

ಉಳಿದದ್ದು ಬೇಗ ಮುಗಿಯುತ್ತದೆ. ಎಷ್ಟು ಎತ್ತರ ಹಾರಿಸಬಹುದು, ಮಕ್ಕಳನ್ನು ಕೂರಿಸಬಹುದೇ, ಬೇರೆ ಲಾಯಕ್ಕೆ ಕರೆದೊಯ್ಯಬಹುದೇ, ವಿಮೆ ಯಾರ ಹೆಸರಿನಲ್ಲಿ, ಕುದುರೆ ಬೇರೆಯವರಿಗೆ ಪೆಟ್ಟು ಮಾಡಿದರೆ ಹೊಣೆ ಯಾರದ್ದು, ಜೀನು ಯಾರದ್ದು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ನಡುವೆ ಮಾರುವ ಯೋಚನೆ ಬಂದರೆ ಮೊದಲು ನಿಮ್ಮನ್ನು ಕೇಳಬೇಕೇ. ಒಂದೊಂದಕ್ಕೂ ಒಂದೊಂದು ಸಾಲು ಸಾಕು.

ಕೆಲಸ, ಇಬ್ಬರು ಮಕ್ಕಳು ಅಂದಿರಿ. ಪೂರ್ತಿ ಲೀಸ್ ಅಂದರೆ ವಾರದ ಏಳೂ ದಿನ ಆ ಕುದುರೆ ನಿಮ್ಮ ಹೊಣೆ. ಸವಾರಿ ಇಲ್ಲದ ದಿನವೂ ಅದು ಹೊರಗೆ ಓಡಾಡಬೇಕು, ಯಾರಾದರೂ ಮೈಕೈ ನೋಡಬೇಕು. ಒಡತಿ ಒಪ್ಪಿದರೆ ಇನ್ನೊಬ್ಬ ಒಳ್ಳೆಯ ಸವಾರರನ್ನು ಸೇರಿಸಿಕೊಂಡು ಪಾಲು ಲೀಸ್ ಮಾಡಿ. ಮೂರು ದಿನ ನಿಮ್ಮದು, ಎರಡು ದಿನ ಅವರದು, ಉಳಿದದ್ದು ಕುದುರೆಗೆ ರಜೆ. ನಿಮ್ಮ ಈಗಿನ ಬದುಕಿಗೆ ಮೂರು ದಿನವೇ ದೊಡ್ಡದು.

ಆ ವರ್ಷ ಪೂರ್ತಿ ಒಂದು ಪುಸ್ತಕ ಇಡಿ. ಬರಬೇಕೆಂದುಕೊಂಡ ದಿನ, ಬಂದ ದಿನ, ಏನು ಮಾಡಿದಿರಿ, ಮನಸ್ಸು ಹೇಗಿತ್ತು, ನಾಲ್ಕು ಸಾಲು. ಬಿಸಿಲು, ಮಳೆ, ಚಳಿ, ಮಕ್ಕಳ ಪರೀಕ್ಷೆ, ಕಚೇರಿಯ ಒತ್ತಡ, ಎಲ್ಲ ಒಂದು ಸುತ್ತು ಬರಲಿ. 1 ಮೀಟರ್ ಬೇಲಿ ಹಾರಿಸಬೇಕೆಂದು ಬಂದ ಎಷ್ಟೋ ಜನರಿಗೆ ಆಮೇಲೆ ತಮಗೆ ಬೇಕಾಗಿದ್ದು ಬೇರೆಯೇ ಅಂತ ಗೊತ್ತಾಗುತ್ತದೆ. ಕೆಲವರಿಗೆ ಸಣ್ಣ ಸೂಚನೆಗಳಲ್ಲೇ ಕುದುರೆಯನ್ನು ನಯವಾಗಿ ನಡೆಸುವ ಡ್ರೆಸಾಜ್‌ನ ಸೂಕ್ಷ್ಮ ಹಿಡಿಸುತ್ತದೆ, ಕೆಲವರಿಗೆ ಉದ್ದ ದಾರಿಯಲ್ಲಿ ಸುಮ್ನೆ ಹೋಗುವುದು. ಮೂರಕ್ಕೂ ಬೇಕಾದ ಕುದುರೆ ಬೇರೆ ಬೇರೆ. ಈಗ ಕೊಂಡರೆ 19ರ ಹುಡುಗಿಗೆ ಕುದುರೆ ಕೊಂಡಂತಾಗುತ್ತದೆ. ಸಾಕುವವರು ಮಾತ್ರ 42ರ ನೀವು.

ವರ್ಷದ ಕೊನೆಗೆ ಪುಸ್ತಕ ತೆರೆದಾಗ ಅಂದುಕೊಂಡ ದಿನಗಳಲ್ಲಿ ಹೆಚ್ಚಿನವು ಬಂದ ದಿನಗಳೇ ಆಗಿದ್ದರೆ, ಬೀಳುವ ಭಯ ಹತೋಟಿಯಲ್ಲಿದ್ದರೆ, ಯಾವ ಥರದ ಕುದುರೆ ಬೇಕೆಂದು ಒಂದೇ ಸಾಲಿನಲ್ಲಿ ಹೇಳಲು ಬಂದರೆ, ಆಗ ಕೊಳ್ಳಿ. ನಾನೇ ಬೆನ್ನು ತಟ್ಟುತ್ತೇನೆ. ಆಗ ಪರೀಕ್ಷೆಗೆ ನಿಮ್ಮದೇ ಡಾಕ್ಟರನ್ನು ಕರೆದೊಯ್ಯಿರಿ, ಮಾರುವವರ ಡಾಕ್ಟರು ಬೇಡ. ಎಕ್ಸ್‌ರೇ ಬೇಕೇ ಅಂತ ಅವರೊಂದಿಗೆ ಮಾತಾಡಿ. ರಕ್ತದ ಮಾದರಿ ತೆಗೆದಿಡಿಸಿ, ನೋವಿನ ಔಷಧವನ್ನೋ ಮಂಕು ಬರಿಸುವ ಔಷಧವನ್ನೋ ಕೊಟ್ಟಿದ್ದರೆ ಆಮೇಲೆ ಪರೀಕ್ಷಿಸಬಹುದು. ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಗಳನ್ನು ಕಾಗದದ ಜೊತೆ ಹೋಲಿಸಿ. ಯಾವ ಕುದುರೆಯೂ ನೂರಕ್ಕೆ ನೂರು ಪಾಸಾಗುವುದಿಲ್ಲ. ನಿಮ್ಮ ಕೆಲಸಕ್ಕೆ ಅಡ್ಡಬರುವ ದೋಷ ಇದೆಯೇ ಅಂತ ಮಾತ್ರ ಕೇಳಿ.

ಮೊದಲೇ ಕೊಳ್ಳುವುದು ಸರಿಯಾಗುವ ಸಂದರ್ಭಗಳೂ ಇವೆ. ಸುತ್ತಮುತ್ತ ಲೀಸ್‌ಗೆ ಒಳ್ಳೆಯ ಕುದುರೆಯೇ ಸಿಗದಿದ್ದರೆ, ಅಥವಾ ಕ್ಲಾಸಿನಲ್ಲಿ ವರ್ಷಗಟ್ಟಲೆ ಓಡಿಸಿ ಗೊತ್ತಿರುವ ಕುದುರೆಯೇ ಮಾರಾಟಕ್ಕೆ ಬಂದರೆ. ನಿಮ್ಮದು ಎರಡೂ ಅಲ್ಲ. ಆ ಗೆಲ್ಡಿಂಗ್ ಅಷ್ಟರಲ್ಲಿ ಬೇರೆಯವರ ಪಾಲಾಗಬಹುದು. ದಿನವೂ ಓಡಿಸಿ ಕಲಿಸುವ ಸವಾರರ ಕೈ ಸೇರಿದರೆ ಅವನಿಗೂ ಒಳ್ಳೆಯದೇ.

ಪ್ರಶ್ನೆ: ನಾನೂ ಬಹಳ ವರ್ಷ ಬಿಟ್ಟು ಮತ್ತೆ ಶುರು ಮಾಡಿದವನು. ತೂಕ ಈಗ 86 ಕೆಜಿ. ನನಗೆ ಲೀಸ್‌ಗೆ ಸಿಗುತ್ತಿರುವ ಕುದುರೆ ಸುಮಾರು 400 ಕೆಜಿ ಇದೆ. ತುಂಬ ಸಾಧು. ಭಾರ ಆಗುತ್ತದೆಯೇ?

ಉತ್ತರ: ಹೌದು ಸರ್, ಆಗುತ್ತದೆ. ಕೇಳಿದ್ದು ಒಳ್ಳೆಯದಾಯಿತು, ಈ ಪ್ರಶ್ನೆ ಕೇಳುವವರು ಕಡಿಮೆ. ಸವಾರ, ಜೀನು, ಬೂಟು, ಹೆಲ್ಮೆಟ್ ಎಲ್ಲ ಸೇರಿ ಕುದುರೆಯ ತೂಕದ ಶೇಕಡಾ 20ರೊಳಗೆ ಇರಬೇಕು ಅನ್ನುವುದು ಹೆಚ್ಚಿನವರು ಒಪ್ಪುವ ಅಳತೆ. 2008ರಲ್ಲಿ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಕುದುರೆಗಳ ಮೇಲೆ ಶೇಕಡಾ 15, 20, 25, 30ರಷ್ಟು ಭಾರ ಹೊರಿಸಿ ನೋಡಿದ್ದರು. 25 ಮತ್ತು 30ಕ್ಕೆ ಹೋದಾಗ ಸ್ನಾಯು ನೋವು, ಬಿಗಿತ ಎದ್ದು ಕಂಡಿತು. ನಿಮ್ಮ 86 ಕೆಜಿಗೆ ಜೀನು ಮತ್ತು ಉಳಿದ ಸಾಮಾನಿನ 9 ಕೆಜಿ ಸೇರಿಸಿದರೆ 95. ಅದು 400ರ ಶೇಕಡಾ 24ರ ಹತ್ತಿರ ಬಂತು. ವಾಕ್‌ನಲ್ಲಿ ಅದು ನಿಮ್ಮನ್ನು ಹೊರುತ್ತದೆ, ದೂರು ಹೇಳುವುದೂ ಇಲ್ಲ. ಸಾಧು ಕುದುರೆಗಳ ಕಷ್ಟವೇ ಅದು. 500 ಕೆಜಿ ಆಸುಪಾಸಿನ, ಬೆನ್ನು ಚಿಕ್ಕದಾಗಿ ಅಗಲವಾಗಿರುವ, ಕಾಲಿನ ಮೂಳೆ ದಪ್ಪ ಇರುವ ಕುದುರೆ ಹುಡುಕಿ. ಎತ್ತರ ನೋಡಿ ಮೋಸ ಹೋಗಬೇಡಿ. ಉದ್ದ ಕಾಲಿನ ತೆಳು ಕುದುರೆಗಿಂತ ಗಿಡ್ಡಗೆ ಗಟ್ಟಿಯಾಗಿರುವುದು ಭಾರ ಚೆನ್ನಾಗಿ ಹೊರುತ್ತದೆ. ಜೀನು ಆ ಕುದುರೆಯ ಬೆನ್ನಿಗೆ ಸರಿಹೊಂದಿರಲಿ, ಹೊಂದದ ಜೀನಿನ ಅಡಿಯಲ್ಲಿ 60 ಕೆಜಿಯೂ ಹಿಂಸೆಯೇ.

ಪ್ರಶ್ನೆ: ಅಕ್ಕಾ, ಮೂರು ವರ್ಷದಿಂದ ಪಾಲು ಲೀಸ್‌ನಲ್ಲಿರುವ ಕುದುರೆಯನ್ನು ಮಾಲೀಕರು ಮಾರುತ್ತಾರಂತೆ. ಅದಕ್ಕೀಗ 19 ವರ್ಷ, ಹಿಂಗಾಲಿನ ಕೀಲು ಸ್ವಲ್ಪ ಬಿಗಿ. ನಾನು ಕೊಳ್ಳದಿದ್ದರೆ ಯಾರ ಕೈ ಸೇರುತ್ತದೋ ಅಂತ ನಿದ್ದೆ ಬರುತ್ತಿಲ್ಲ.

ಉತ್ತರ: ತಂಗಿ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಇವತ್ತೇ ಹೂಂ ಅನ್ನಬೇಡ. 19 ವರ್ಷದ, ಕೀಲು ಬಿಗಿದ ಕುದುರೆ ಕೊಳ್ಳುವುದು ಅಂದರೆ ಅದರ ವಿಶ್ರಾಂತಿಯ ವರ್ಷಗಳ ಹೊಣೆ ಹೊರುವುದು. ಸವಾರಿ ಇನ್ನೊಂದಿಷ್ಟು ಕಾಲ ಸಿಗಬಹುದು, ಸಿಗದೆಯೂ ಇರಬಹುದು. ಸವಾರಿ ಪೂರ್ತಿ ನಿಂತ ಮೇಲೂ ಹತ್ತು ವರ್ಷ ಸಾಕಲು ಆಗುತ್ತದೆಯೇ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕು. ಆಗುತ್ತದೆ ಅಂದರೆ ಕೊಂಡುಕೋ. ಮೂರು ವರ್ಷದಿಂದ ಗೊತ್ತಿದ್ದರೂ ಡಾಕ್ಟರ ಪರೀಕ್ಷೆ ಬಿಡಬೇಡ, ಕೀಲು ಈಗ ಯಾವ ಹಂತದಲ್ಲಿದೆ ಅಂತ ತಿಳಿಯಬೇಕು. ಆಗುವುದಿಲ್ಲ ಅಂದರೆ ಮಾಲೀಕರ ಹತ್ತಿರ ಹೋಗಿ ಮಾತಾಡು. ಒಳ್ಳೆಯ ಮನೆ ಹುಡುಕಲು ಒಂದೆರಡು ತಿಂಗಳು ಕೊಡಿ ಅಂತ ಕೇಳು. ಚಿಕ್ಕ ಮಕ್ಕಳಿಗೆ ಮೆಲ್ಲಗೆ ನಡೆಸುವ, ಬೇರೆ ಕುದುರೆಗಳಿಗೆ ಜೊತೆಯಾಗಿ ಇಡುವ ಮನೆಗಳು ಇರುತ್ತವೆ. ಅದರ ಸ್ವಭಾವ ನಿನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಏನು ತಿನ್ನುತ್ತದೆ, ಯಾವುದಕ್ಕೆ ಬೆದರುತ್ತದೆ, ಯಾವ ಕಾಲು ಮೊದಲು ಬಿಗಿಯುತ್ತದೆ, ಎಲ್ಲ ಬರೆದು ಜೊತೆಗೆ ಕಳಿಸು. ಮತ್ತೆ ಬೇಡವಾದರೆ ಮೊದಲು ನಮಗೇ ಹೇಳಬೇಕು ಅಂತ ಮಾರಾಟದ ಕಾಗದದಲ್ಲಿ ಒಂದು ಸಾಲು ಸೇರಿಸಲು ಹೇಳು.

ಪ್ರಶ್ನೆ: ಲೀಸ್ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ, ಕ್ಯಾಂಟರ್‌ನಲ್ಲಿ ಬಿದ್ದೆ. ತಲೆಯೂ ನೆಲಕ್ಕೆ ತಾಗಿತು, ಹೆಲ್ಮೆಟ್ ಇತ್ತು, ಗಾಯ ಇಲ್ಲ. ಈಗ ಟ್ರಾಟ್ ಜೋರಾದರೂ ಎದೆ ಢವಢವ ಅನ್ನುತ್ತದೆ. ಲೀಸ್ ಬಿಟ್ಟುಬಿಡಲೇ?

ಉತ್ತರ: ಮೊದಲು ಡಾಕ್ಟರ ಹತ್ತಿರ ಹೋಗಿ. ತಲೆ ತಾಗಿದ್ದರೆ ಹೊರಗೆ ಗಾಯ ಇಲ್ಲದಿದ್ದರೂ ಒಳಗೆ ಪೆಟ್ಟಾಗಿರಬಹುದು. ತಲೆನೋವು, ಮಂಪರು, ವಾಕರಿಕೆ ಇದ್ದರೆ ಇವತ್ತೇ ಹೋಗಿ. ಅವರು ಸರಿ ಅನ್ನುವವರೆಗೆ ಕುದುರೆ ಹತ್ತಬೇಡಿ. ಆ ಹೆಲ್ಮೆಟ್ ಇನ್ನು ಬಳಸಬೇಡಿ. ಒಳಗಿನ ಫೋಮ್ ಒಂದು ಏಟನ್ನು ತಾನು ಅದುಮಿಕೊಂಡು ತಡೆಯುತ್ತದೆ, ಅದುಮಿದ್ದು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರೂ ಕಾಣದಿರಬಹುದು, ಆದರೂ ಹೊಸದು ತನ್ನಿ.

ಲೀಸ್ ಬಿಡುವ ನಿರ್ಧಾರ ಈ ಭಯದಲ್ಲಿ ಮಾಡಬೇಡಿ. ಯಾಕೆ ಬಿದ್ದಿರಿ ಅಂತ ಮೊದಲು ತಿಳಿಯಬೇಕು. ನಿಮ್ಮ ತರಬೇತುದಾರರು ಆ ಕುದುರೆಯನ್ನು ಒಂದೆರಡು ಸಲ ಓಡಿಸಿ ನೋಡಲಿ. ಕುದುರೆ ಎಡವಿದ್ದೇ, ಬೆನ್ನು ನೋವೇ, ಅಥವಾ ನೀವು ಹದ ತಪ್ಪಿದ್ದೇ ಅಂತ ಅವರಿಗೆ ಗೊತ್ತಾಗುತ್ತದೆ. ನೋವು ಅಂತ ಅನುಮಾನ ಬಂದರೆ ಮಾಲೀಕರಿಗೆ ಹೇಳಿ ಪಶುವೈದ್ಯರಿಗೆ ತೋರಿಸಿ. ಆಮೇಲೆ ನೀವು ಲಗಾಮಿಲ್ಲದೆ ಶುರು ಮಾಡಿ. ತರಬೇತುದಾರರು ನಡುವೆ ನಿಂತು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ನಡೆಸಲಿ, ನೀವು ಕೈ ಚಾಚಿ ಬರೀ ಕೂತುಕೊಳ್ಳಿ. ಭಯಪಟ್ಟವರು ಉಸಿರು ಹಿಡಿಯುತ್ತಾರೆ, ಮೊಣಕಾಲು ಬಿಗಿಯುತ್ತಾರೆ, ಕುದುರೆ ಅದನ್ನು ಮುಂದೆ ಓಡು ಅನ್ನುವ ಸೂಚನೆ ಅಂದುಕೊಳ್ಳುತ್ತದೆ. ನಾನು ನನ್ನ ವಿದ್ಯಾರ್ಥಿಗಳಿಗೆ ಗಟ್ಟಿಯಾಗಿ ಹಾಡಿಸುತ್ತೇನೆ. ಹಾಡುವಾಗ ಉಸಿರು ಹಿಡಿಯಲು ಆಗುವುದಿಲ್ಲ. ಟ್ರಾಟ್‌ನಲ್ಲಿ ಹಾಡು ತುಂಡಾಗದೆ ಬರುವವರೆಗೆ ಕ್ಯಾಂಟರ್ ಬೇಡ. ಮಾಲೀಕರಿಗೆ ವಿಷಯ ಹೇಳಿ, ಇನ್ನು ಎರಡು ತಿಂಗಳು ಕುದುರೆಯ ಜೋರು ಕೆಲಸವನ್ನು ತರಬೇತುದಾರರೇ ಮಾಡಿಸಲು ಒಪ್ಪಿಗೆ ಕೇಳಿ. ಅದಾದ ಮೇಲೂ ಆ ಕುದುರೆಯ ಹತ್ತಿರ ಹೋದರೇ ಕೈ ನಡುಗಿದರೆ, ನೋಟಿಸ್ ಕೊಟ್ಟು ಅದಕ್ಕಿಂತ ನಿಧಾನದ ಕುದುರೆ ಹುಡುಕಿ.